ಬೇಕಿಂಗ್ ಪೌಡರ್ ಕೆಟ್ಟಾಗ: ಲಿಂಬೆಯೋ, ಈನೋವೋ, ಮಜ್ಜಿಗೆಯೋ?

ಶಿರಸಿಯ ಮಳೆಗಾಲದಲ್ಲಿ ಉಪ್ಪೇ ನೀರೊಡೆಯುತ್ತದೆ, ಇನ್ನು ಬೇಕಿಂಗ್ ಪೌಡರ್ ಉಳಿದೀತೇ? ಜೂನಿನಲ್ಲಿ ಒಡೆದ ಡಬ್ಬಿ ಆಗಸ್ಟಿಗೆ ಗಂಟುಗಟ್ಟಿತ್ತು. ಬಿಸಿನೀರಿಗೆ ಅರ್ಧ ಚಮಚ ಹಾಕಿ ನೋಡಿದೆ, ನೊರೆಯೇ ಏಳಲಿಲ್ಲ. ಪೇಟೆಗೆ 14 ಕಿಲೋಮೀಟರ್, ಹೊರಗೆ ಜಡಿಮಳೆ. ಮನೆಯಲ್ಲಿ ಅಡಿಗೆ ಸೋಡವಿತ್ತು, ಈನೋ ಇತ್ತು. ಒಂದು ಲೋಟ ಮೈದಾದ ಒಂದೇ ಅಳತೆಯ ಕೇಕನ್ನು ವಾರವಿಡೀ ಬೇರೆಬೇರೆ ರೀತಿ ಮಾಡಿ ನೋಡಿದೆ. ಓವನ್ 180 ಡಿಗ್ರಿ, 30 ನಿಮಿಷ.

ಬೇಕಿಂಗ್ ಪೌಡರ್ ಅಂದರೆ ಸೋಡ, ಒಣ ಹುಳಿ ಮತ್ತು ಸ್ವಲ್ಪ ಪಿಷ್ಟ. ಬರೀ ಸೋಡ ಹಾಕುವುದಾದರೆ ಹುಳಿಯನ್ನು ನಾವೇ ಕೊಡಬೇಕು. ಒಂದು ಚಮಚ ಪೌಡರಿನ ಬದಲಿಗೆ ಕಾಲು ಚಮಚ ಸೋಡ ಸಾಕು.

ಮೊದಲು ಲಿಂಬೆ. ಅರ್ಧ ಚಮಚ ರಸ ಸಾಕೆಂದು ಕೇಳಿದ್ದೆ. ಕೇಕ್ ಉಬ್ಬಿತು, ಆದರೆ ಆಯಿ ಒಂದು ತುಂಡು ಬಾಯಿಗಿಟ್ಟವಳೇ "ಸೋಡದ ವಾಸನೆ ಬತ್ತು" ಎಂದಳು. ಒಳಗೆ ಹಳದಿ ಛಾಯೆಯೂ ಇತ್ತು. ಕಾಲು ಚಮಚ ಸೋಡಕ್ಕೆ ಆ ಹುಳಿ ಏನೇನೂ ಸಾಲದು, ಸುಮಾರು ಮೂರು ಚಮಚ ಬೇಕು. ಮಾರನೆಯ ದಿನ ಅಷ್ಟು ಹಾಕಿದೆ. ವಾಸನೆ ಹೋಯಿತು, ಕೇಕ್ ಮಾತ್ರ ಲಿಂಬೆ ಕೇಕೇ ಆಯಿತು. ಅದೇ ಬೇಕೆನ್ನುವವರಿಗೆ ಅಡ್ಡಿಯಿಲ್ಲ. ಮುರುಗಲು (ಕೋಕಂ) ರಸಕ್ಕೂ ಚಿಟಿಕೆ ಸೋಡ ಹಾಕಿ ನೋಡಿದೆ. ಆ ಚೆಂದದ ಕೆಂಪು ಹೋಗಿ ಬೂದಿಗೆ ತಿರುಗಿತು, ಹಿಟ್ಟಿಗೆ ಹಾಕುವ ಮನಸ್ಸಾಗಲಿಲ್ಲ.

ಈನೋದಲ್ಲಿ ಸೋಡ, ಸಿಟ್ರಿಕ್ ಹುಳಿ ಎರಡೂ ಇವೆ. 5 ಗ್ರಾಂ ಪೊಟ್ಟಣದ ಅರ್ಧ ಸಾಕು. ಬಿಳಿ ಕೇಕಿಗೆ ಇದರಷ್ಟು ಹಗುರ ಬೇರೆ ಯಾವುದೂ ಬರಲಿಲ್ಲ. ಆದರೆ ಇದರ ನೊರೆಯೆಲ್ಲ ಒಂದೇ ಏಟಿಗೆ ಏಳುತ್ತದೆ, ಪೌಡರಿನ ಹಾಗೆ ಓವನ್ನಿನ ಬಿಸಿಗೆ ಮತ್ತೊಮ್ಮೆ ಉಬ್ಬುವುದಿಲ್ಲ. ಎರಡನೆಯ ಸಲ ಈನೋ ಕಲಸಿದ ಕೂಡಲೇ ಕರೆಂಟು ಹೋಯಿತು. ಕುಕ್ಕರಿನ ತಳಕ್ಕೆ ಉಪ್ಪು ಹರಡಿ ಕಾಯಿಸುವಷ್ಟರಲ್ಲಿ ಹತ್ತು ನಿಮಿಷವಾಗಿ ಹಿಟ್ಟು ಕೂತೇಹೋಯಿತು. ನಮ್ಮ ಮಳೆಗಾಲದಲ್ಲಿ ಇದನ್ನು ನೆಚ್ಚಿಕೊಳ್ಳಲು ನನಗೆ ಧೈರ್ಯವಿಲ್ಲ.

ನನ್ನ ಮನಸ್ಸು ನಿಂತದ್ದು ಮಜ್ಜಿಗೆಯ ಮೇಲೆ. ಕಾಲು ಚಮಚ ಸೋಡಕ್ಕೆ ಅರ್ಧ ಲೋಟ ಮಜ್ಜಿಗೆ, ಅಷ್ಟು ಹಾಲು ಕಡಿಮೆ. ಮಜ್ಜಿಗೆ ಚೆನ್ನಾಗಿ ಹುಳಿ ಬಂದಿರಲೇಬೇಕು. ಮಳೆಯ ಥಂಡಿಗೆ ಮೊಸರು ಬೇಗ ಹುಳಿಯುವುದಿಲ್ಲ, ಹಾಗಾಗಿ ಎರಡು ದಿನ ಒಲೆಯ ಹತ್ತಿರವೇ ಇಟ್ಟೆ. ಈನೋ ಕೇಕಿಗಿಂತ ಅರ್ಧ ಬೆರಳು ತಗ್ಗಾಯಿತು, ನಿಜ. ಆದರೆ ಮಾರನೆಯ ದಿನವೂ ಮೆತ್ತಗಿತ್ತು, ಹುಳಿ ನಾಲಿಗೆಗೆ ಸಿಗಲೇ ಇಲ್ಲ. ಕೊನೆಯ ಸಲ ಸಕ್ಕರೆ ಬಿಟ್ಟು ಜೋನಿಬೆಲ್ಲ (ನೀರು ಬೆಲ್ಲ), ತುರಿದು ಹಿಂಡಿದ ಸೌತೆಕಾಯಿ, ಏಲಕ್ಕಿ ಹಾಕಿದೆ. ಸೋಡಕ್ಕೆ ಬೆಲ್ಲದ ಬಣ್ಣ ಇನ್ನಷ್ಟು ಗಾಢವಾಗಿ ಅಂಚು ಕಂದಾಗಿ ಬಂತು, ಮನೆತುಂಬ ಘಮ. ಆಯಿ ಇನ್ನೊಂದು ತುಂಡು ಕೇಳಿ, "ಇದು ಚೊಲೋ ಆಜು" ಎಂದಳು.

ಆಮೇಲೆ ಪೇಟೆಯಿಂದ ಹೊಸ ಡಬ್ಬಿ ತಂದೆ. ಅದು ಬಿಳಿ ಕೇಕಿಗೆ. ಬೆಲ್ಲದ್ದಕ್ಕೆ ಈಗಲೂ ಎರಡು ದಿನ ಮೊದಲೇ ಮಜ್ಜಿಗೆ ತೆಗೆದಿಡುತ್ತೇನೆ.