ಪಾದರಸದ ಮಾಸ್ಕು ತಗೊಳ್ಳೋರು ಮೊದಲು ಪಟ್ಟಿ ಬಣ್ಣ ನೋಡಿ

ಗ್ಯಾಸ್ ಪ್ಲಾಂಟಿನ ಶಟ್‌ಡೌನ್ (ಪ್ಲಾಂಟು ನಿಲ್ಲಿಸಿ ಮಾಡೋ ರಿಪೇರಿ) ಕೆಲಸಕ್ಕೆ ಹೊರಡೋ ನಮ್ಮ ಮಂಡ್ಯ ಕಡೆ ಫಿಟ್ಟರ್, ವೆಲ್ಡರ್ ಹುಡುಗರಿಗೆ ಅಂತಲೇ ಇದನ್ನ ಬರೀತಿದ್ದೀನಿ. ಸಾಮಾನು ಏನಪ್ಪಾ ಅಂದ್ರೆ ಅಲ್ಲಿನ ಪೈಪುಗಳಿಂದ ಏಳೋ ಪಾದರಸದ ಆವಿ ತಡೆಯೋ ಹಾಫ್ ಮಾಸ್ಕು, ಅಂದ್ರೆ ಮೂಗು, ಬಾಯಿ ಅಷ್ಟೇ ಮುಚ್ಚೋದು. ಮುಖಕ್ಕೆ ಕೂರೋ ಭಾಗ ಸಿಲಿಕೋನ್ ರಬ್ಬರಿಂದು, ಎರಡೂ ಕೆನ್ನೆ ಕಡೆ ತಿರುಗಿಸಿ ಕೂರಿಸೋ ಫಿಲ್ಟರ್. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಒಂದು ಸೇಫ್ಟಿ ಸಾಮಾನಿನ ಅಂಗಡೀಲಿ ತಗೊಂಡೆ. ಒಂದು ಜೊತೆ ಫಿಲ್ಟರ್ ಸೇರಿ ಐದು ಸಾವಿರದ ಹತ್ತಿರ ಬಂತು. ಸೈಟಲ್ಲೇ ಕೊಡ್ತಾರಲ್ಲ, ಕೈಯಿಂದ ಯಾಕೆ ದುಡ್ಡು ಅಂತೀರಾ? ಕಂಟ್ರಾಕ್ಟರ್ ತರಿಸೋದು ಒಂದೇ ಸೈಜು. ನನ್ನದು ಸಣ್ಣ ಮುಖ, ಗಲ್ಲದ ಹತ್ತಿರ ಸಂದು ಬಿಡುತ್ತೆ.

ಅಂಗಡಿ ಮೇಲಿನ ತಕರಾರು ಮೊದಲೇ ಹೇಳಿಬಿಡ್ತೀನಿ. ಪಾದರಸದ ಆವಿಗೆ ಫಿಲ್ಟರ್ ಕೊಡಪ್ಪ ಅಂದೆ. ಕೌಂಟರಲ್ಲಿದ್ದ ಹುಡುಗ ಡಬ್ಬಿ ಸುತ್ತ ಕಂದು ಬಣ್ಣದ ಪಟ್ಟಿ ಇರೋ ಫಿಲ್ಟರನ್ನ ತಂದಿಟ್ಟು, "ಎಲ್ಲಾ ಗ್ಯಾಸಿಗೂ ಇದೇ ಆಯ್ತದೆ, ತಗೊಳಿ ಅಣ್ಣ" ಅಂದ. ಆಗಲ್ಲ ಕಣ್ರೀ. ಕಂದು ಪಟ್ಟಿ ಇರೋದು ಪೇಂಟು, ಥಿನ್ನರ್ ಥರದ ಆವಿಗೆ. ಯುರೋಪಿನ ಸ್ಟ್ಯಾಂಡರ್ಡ್ ಮಾಲಾದ್ರೆ ಪಾದರಸದ್ದಕ್ಕೆ ಕೆಂಪು-ಬಿಳಿ ಪಟ್ಟಿ, ಮೇಲೆ 'ಎಚ್‌ಜಿ ಪಿ3' ಅಂತ ಅಚ್ಚು ಹಾಕಿರುತ್ತೆ (ಎಚ್‌ಜಿ ಅಂದ್ರೆ ಪಾದರಸ, ಪಿ3 ಅಂದ್ರೆ ಧೂಳು ತಡೆಯೋ ದರ್ಜೆ). ಕೊನೆಗೆ ಯಜಮಾನರೇ ಗೋಡೌನಿಗೆ ಹೋಗಿ ಹುಡುಕಿ ತಂದ್ರು. ಪ್ಯಾಕೆಟ್ಟಿನ ಸೀಲು, ಎಕ್ಸ್‌ಪೈರಿ ಎರಡೂ ನೋಡೇ ದುಡ್ಡು ಕೊಡಿ.

ಗ್ಯಾಸಲ್ಲಿ ಪಾದರಸ ಯಾರು ಹಾಕ್ತಾರೆ ಅಂತ ನಮ್ಮತ್ತಿಗೆ ಕೇಳಿದ್ರು. ಯಾರೂ ಹಾಕಲ್ಲ, ಭೂಮಿಯೊಳಗಿಂದ್ಲೇ ಗ್ಯಾಸ್ ಜೊತೆ ಎದ್ದು ಬರುತ್ತೆ. ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್, ಥಾಯ್ಲೆಂಡ್ ಕೊಲ್ಲಿ ಬಾವಿಗಳು ಇದಕ್ಕೆ ಹೆಸರುವಾಸಿ. ಗ್ಯಾಸನ್ನ ತೀರಾ ತಣ್ಣಗೆ ಮಾಡೋ ಪ್ಲಾಂಟಲ್ಲಿ ಅಲ್ಯೂಮಿನಿಯಂ ಎಕ್ಸ್‌ಚೇಂಜರ್ (ಗ್ಯಾಸಿನ ಬಿಸಿ ಹೀರಿ ತಣ್ಣಗೆ ಮಾಡೋ ಯಂತ್ರ) ಇರುತ್ತಲ್ಲ, ಅದಕ್ಕೆ ಇದು ಯಮ. ಪಾದರಸ ಮೈನಸ್ 39 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಸುಮ್ಮನೆ ಕೂತಿರುತ್ತೆ. ಪ್ಲಾಂಟು ನಿಲ್ಲಿಸಿ ಬಿಸಿ ಏರಿದಾಗ ಕರಗಿ ಅಲ್ಯೂಮಿನಿಯಂ ಒಳಗೆ ಇಳಿದು ಬಿರುಕು ಬಿಡಿಸುತ್ತೆ. ಅಲ್ಜೀರಿಯಾದ ಸ್ಕಿಕ್ಡಾದಲ್ಲಿ 1973ರಲ್ಲಿ ಎಕ್ಸ್‌ಚೇಂಜರ್ ಹೋಗಿದ್ದು ಇದರಿಂದ್ಲೇ. ಆಸ್ಟ್ರೇಲಿಯಾದ ಮೂಂಬಾದಲ್ಲಿ 2004ರ ಜನವರಿ 1ರಂದು ಎಕ್ಸ್‌ಚೇಂಜರಿನ ನಾಜಲ್ (ಪೈಪು ಸೇರೋ ಬಾಯಿ) ಸೀಳಿ, ಗ್ಯಾಸು ಹೊರಗೆ ನುಗ್ಗಿ ಹೊತ್ಕೊಂಡಿದ್ದೂ ಇದರಿಂದ್ಲೇ.

ಅದಕ್ಕೇ ತಣ್ಣಗೆ ಮಾಡೋಕೆ ಮುಂಚೆ, ಗಂಧಕ ಹಿಡಿಸಿದ ಇದ್ದಿಲೋ ತಾಮ್ರದ ಸಲ್ಫೈಡೋ ತುಂಬಿದ ದೊಡ್ಡ ವೆಸೆಲ್ (ಮುಚ್ಚಿದ ಟ್ಯಾಂಕು) ಮೂಲಕ ಗ್ಯಾಸ್ ಹಾಯಿಸ್ತಾರೆ. ಪಾದರಸ ಗಂಧಕಕ್ಕೆ ಕಚ್ಕೊಂಡು ಅಲ್ಲೇ ನಿಲ್ಲುತ್ತೆ. ಗಂಧಕದ ಇದ್ದಿಲಿಗೆ ತೇವ ಕಂಡ್ರೆ ಆಗಲ್ಲ, ಆದ್ದರಿಂದ ಅದನ್ನ ಗ್ಯಾಸಿನ ತೇವ ತೆಗೆಯೋ ಡ್ರೈಯರ್ ಆದಮೇಲೆ ಇಡ್ತಾರೆ. ಹೊರಬರೋ ಗ್ಯಾಸಲ್ಲಿ ಘನ ಮೀಟರಿಗೆ 0.01 ಮೈಕ್ರೋಗ್ರಾಂ ಕೂಡ ಉಳೀಬಾರದು ಅನ್ನೋದು ಲೆಕ್ಕ. ನಮ್ಮ ಮಾಸ್ಕಿನ ಫಿಲ್ಟರ್ ಡಬ್ಬಿಯೊಳಗೂ ಅದೇ ಥರ ಔಷಧಿ ಹಿಡಿಸಿದ ಇದ್ದಿಲೇ ಇರೋದು.

ಸರಿ, ಗ್ಯಾಸೇನೋ ಕ್ಲೀನಾಯ್ತು. ಆ ವೆಸೆಲ್ಲಿಗೆ ಮುಂಚೆ ಇರೋ ಪೈಪು, ವಾಲ್ವುಗಳ ಕತೆ? ವರ್ಷಗಟ್ಟಲೆ ಪಾದರಸ ಕುಡಿದಿರೋ ಕಬ್ಬಿಣ ಅದು. ಗ್ರೈಂಡರ್ ಇಟ್ರೆ ಸಾಕು, ಆವಿ ಏಳುತ್ತೆ. ಕಣ್ಣಿಗೆ ಕಾಣಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ಪೇಂಟಿನ ಫಿಲ್ಟರ್ ಮುಗಿದ್ರೆ ಮೂಗಿಗೆ ತಿಳಿಯುತ್ತೆ, ಇದು ಮುಗಿದ್ರೆ ತಿಳಿಯಲ್ಲ. ಹಾಗಾಗಿ ಒಟ್ಟು 50 ಗಂಟೆ ಮಿತಿ ಹಾಕಿದ್ದಾರೆ. ನಾನು ಹಾಕಿ ತೆಗೆದ ಹೊತ್ತನ್ನ ಫಿಲ್ಟರ್ ಮೇಲೇ ಮಾರ್ಕರಲ್ಲಿ ಗೀಚಿ, ಬೆವರಿಗೆ ಅಳಿಸದಂಗೆ ಟೇಪು ಅಂಟಿಸ್ತೀನಿ.

ಮಾಸ್ಕಿನ ಹಿಡಿತ ಚೆನ್ನಾಗಿದೆ. ಎರಡೂ ಫಿಲ್ಟರಿಗೆ ಅಂಗೈ ಒತ್ತಿ ಉಸಿರು ಎಳೆದ್ರೆ ರಬ್ಬರು ಕೆನ್ನೆಗೆ ಕಚ್ಚಿ ಒಳಗೆ ಕುಸೀಬೇಕು. ಕುಸೀತು. ನನ್ನ ಮೀಸೆ ಅಡ್ಡ ಬರಲಿಲ್ಲ. ಆದ್ರೆ ಮಾದಪ್ಪನ ಹರಕೆ ಅಂತ ಗಡ್ಡ ಬಿಟ್ಟಿದ್ದ ನಮ್ಮ ಗ್ಯಾಂಗಿನ ಹುಡುಗ ಇದನ್ನೇ ಹಾಕಿ ನೋಡಿದ, ಗಲ್ಲದ ಸುತ್ತ ಗಾಳಿ ಸೊಯ್ ಅಂತು. ಹರಕೆ ತೀರೋವರೆಗೂ ಅವನನ್ನ ಹೊರಗಡೆ ಕೆಲಸಕ್ಕೇ ಹಾಕಿದ್ರು. ತಲೆ ಹಿಂದೆ ಬಿಗಿಯೋ ಪಟ್ಟಿ ಮಾತ್ರ ಕೂದಲು ಕೀಳುತ್ತೆ, ಒಳಗೆ ಟೋಪಿ ಬೇಕು.

ಇನ್ನೊಂದು ಮಾತು, ಇದನ್ನ ಅಂಗಡಿಯವರು ಹೇಳಲ್ಲ. ಫಿಲ್ಟರ್ ಮಾಸ್ಕು ಆಮ್ಲಜನಕ ಹುಟ್ಟಿಸಲ್ಲ. ಪಾದರಸ ಹಿಡಿದ ಹಳೇ ಇದ್ದಿಲು-ಗಿದ್ದಿಲು ತೆಗೆಯೋಕೆ ನೈಟ್ರೋಜನ್ ತುಂಬಿಸಿರೋ ವೆಸೆಲ್ಲಿಗೆ ಇದನ್ನ ಹಾಕ್ಕೊಂಡು ಇಳಿದ್ರೆ ಹೆಣವಾಗಿ ಬರ್ತೀರಿ. ಅಲ್ಲಿಗೆ ಪೈಪಲ್ಲಿ ಗಾಳಿ ಬರೋ ಸೆಟ್ಟೇ ಆಗಬೇಕು. ಮುಗಿದ ಫಿಲ್ಟರನ್ನ ಬ್ಯಾಗಲ್ಲಿ ಹಾಕಿ ಮನೆಗೂ ತರಬೇಡಿ, ಸೈಟಿನ ಪಾದರಸದ ಕಸದ ಡ್ರಮ್ಮಿಗೇ ಹಾಕಿ ಬನ್ನಿ.

ಮಾಸ್ಕಿಗೆ ಐದಕ್ಕೆ ನಾಲ್ಕು ಸ್ಟಾರ್. ಅಂಗಡಿಗೆ ಎರಡು, ಅದೂ ಯಜಮಾನರ ಮುಖ ನೋಡಿ.