ಕೌಜುಗವೋ, ನಾಟಿ ಕೋಳಿಯೋ?

ಕೋಲಾರದ ಕಡೆ ನೆಂಟರು ಬಂದರೆ ಮುದ್ದೆ ಊಟ ಆಗಲೇಬೇಕು. ಹತ್ತಾರು ಜನ ಇದ್ದರೆ ಯೋಚನೆ ಬೇಡ, ನಾಟಿ ಕೋಳಿ ತನ್ನಿ. ನಾಲ್ಕೇ ಜನ, ಬೇಗ ಆಗಬೇಕು, ಫ್ರೈ ಸಾಕು ಅಂದರೆ ಕೌಜುಗ (ಕ್ವೇಲ್ ಅನ್ನುವ ಪುಟ್ಟ ಹಕ್ಕಿ). ಆದರೆ ಫಾರಂನಲ್ಲಿ ಸಾಕಿದ್ದನ್ನೇ ಕೇಳಿ ತನ್ನಿ. ಬಲೆ ಹಾಕಿ ಹಿಡಿದ ಕಾಡು ಹಕ್ಕಿ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಆ ಬೇಟೆ ಅಪರಾಧ.

ಫಾರಂ ಕೌಜುಗ ಸುಮಾರು 200 ಗ್ರಾಂ ತೂಗುತ್ತೆ, ಅದೂ ಜೀವ ಇದ್ದಾಗ. ಒಬ್ಬರಿಗೆ ಎರಡಾದರೂ ಬೇಕು. ಕೊಬ್ಬು ಕಡಿಮೆ, ಜಾಸ್ತಿ ಬೇಯಿಸಿದರೆ ಎದೆ ಮಾಂಸ ಒಣಗಿ ನಾರಾಗುತ್ತೆ. ಬೆನ್ನುಮೂಳೆ ಉದ್ದಕ್ಕೂ ಕತ್ತರಿಸಿ, ಹಕ್ಕಿಯನ್ನು ಅಗಲವಾಗಿ ಬಿಡಿಸಿ. ಮೆಣಸು, ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಸವರಿ ಅರ್ಧ ಗಂಟೆ ಇಡಿ. ಆಮೇಲೆ ಕಾವಲಿ ಮೇಲೆ ಎಣ್ಣೆ ಬಿಟ್ಟು, ತಿರುಗಿಸುತ್ತಾ 15-20 ನಿಮಿಷ. ತೊಡೆ ಚುಚ್ಚಿದಾಗ ಕೆಂಪು ನೀರು ಬರಬಾರದು.

ನಾಟಿ ಕೋಳಿಗೆ ಆತುರ ಆಗಲ್ಲ. ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆಯಬೇಕು. ಬಲಿತ ಹುಂಜವಾದರೆ ಕುಕ್ಕರ್ ಐದಾರು ಸಲ ಕೂಗಬೇಕು. ಆದರೆ ಮೂಳೆಯ ರಸವೆಲ್ಲ ಸಾರಿಗೆ ಇಳಿಯುತ್ತಲ್ವಾ, ಮುದ್ದೆಗೆ ಅದೇ ರುಚಿ. ಕೌಜುಗದ ಸಾರು ಮಾಡಲೇಬೇಕು ಅನ್ನುವವರು ಮಕ್ಕಳ ತಟ್ಟೆ ಕಡೆ ಕಣ್ಣಿಡಿ. ಮುದ್ದೆ ಅಗಿಯದೆ ನುಂಗುವ ಊಟ, ಆ ಸಣ್ಣ ಮೂಳೆ ಗಂಟಲಿಗೆ ಸಿಕ್ಕಿಕೊಳ್ಳಬಹುದು.