ಈಸ್ಟ್ರೋಜೆನ್: ಮಾತ್ರೆ ಬಿಟ್ಟು ಜೆಲ್ ಹಿಡಿದೆ

ನಾನೀಗ ಹಚ್ಚಿಕೊಳ್ಳುವುದು ಈಸ್ಟ್ರೋಜೆನ್ ಹಾರ್ಮೋನಿನ ಜೆಲ್. ಮಾತ್ರೆಗೆ ಮತ್ತೆ ಹೋಗುವುದಿಲ್ಲ. ಹಾಗಂತ ಮಾತ್ರೆ ಕೆಲಸ ಮಾಡಲಿಲ್ಲ ಅಂತಲ್ಲ. ಮುಟ್ಟು ನಿಂತ ಮೇಲೆ ರಾತ್ರಿಗೆ ಮೂರು ಸಲ ನೈಟಿ ಬದಲಾಯಿಸುತ್ತಿದ್ದವಳು ನಾನು. ದಿನಕ್ಕೆ 1 ಮಿಲಿಗ್ರಾಂ ಎಸ್ಟ್ರಡಿಯಾಲ್ (ಈಸ್ಟ್ರೋಜೆನ್‌ನ ಒಂದು ಬಗೆ) ಮಾತ್ರೆ ಶುರು ಮಾಡಿ ತಿಂಗಳಾಗುವಷ್ಟರಲ್ಲಿ ಬೆಳಗಿನವರೆಗೂ ನಿದ್ದೆ ಬರತೊಡಗಿತು. ಬೆವರು, ಧಗೆ ಇಳಿಸುವುದರಲ್ಲಿ ಮಾತ್ರೆ, ಜೆಲ್, ಚರ್ಮಕ್ಕೆ ಅಂಟಿಸುವ ಪ್ಯಾಚ್ ಮೂರೂ ಒಂದೇ.

ಕೈಕೊಟ್ಟಿದ್ದು ಥೈರಾಯ್ಡ್. ಹತ್ತು ವರ್ಷದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಅನ್ನುವ ಥೈರಾಯ್ಡ್ ಹಾರ್ಮೋನ್ ಮಾತ್ರೆ ನುಂಗುತ್ತಿದ್ದೇನೆ, ಡೋಸ್ ಬದಲಾಗಿದ್ದೇ ಇಲ್ಲ. ಈಸ್ಟ್ರೋಜೆನ್ ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಮಧ್ಯಾಹ್ನಕ್ಕೇ ಕಣ್ಣು ಎಳೆಯತೊಡಗಿತು. ಬಾಚಣಿಗೆ ತುಂಬ ಕೂದಲು. ಮಲಬದ್ಧತೆ ಬೇರೆ. ವಯಸ್ಸಾಯ್ತಲ್ವಾ, ಇದ್ದದ್ದೇ ಅಂದುಕೊಂಡು ಸುಮ್ನಿದ್ದೆ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ (ಮೈಗೆ ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಏರುವ ಅಂಕಿ) 9. ಯಾವಾಗಲೂ 2ರ ಆಸುಪಾಸು ಇರುತ್ತಿತ್ತು. ಲ್ಯಾಬಿನವರೇ ಏನೋ ಅದಲುಬದಲು ಮಾಡಿರಬೇಕು ಅಂತ ಇನ್ನೊಂದು ಕಡೆ ರಕ್ತ ಕೊಟ್ಟೆ. ಅಲ್ಲೂ 9.

ಆಗಿದ್ದೇನೆಂದರೆ, ನುಂಗಿದ ಈಸ್ಟ್ರೋಜೆನ್ ಕರುಳಿನಿಂದ ನೇರ ಲಿವರಿಗೆ ಹೋಗುತ್ತದೆ. ಲಿವರ್ ಆಗ ಕೆಲವು ಪ್ರೋಟೀನುಗಳನ್ನು ಜಾಸ್ತಿ ತಯಾರಿಸುತ್ತದೆ. ಅದರಲ್ಲೊಂದು, ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವಂಥದ್ದು. ಥೈರಾಯ್ಡ್ ಗ್ರಂಥಿ ಚೆನ್ನಾಗಿದ್ದವರಿಗೆ ತೊಂದರೆ ಇಲ್ಲ, ಅದು ಇನ್ನಷ್ಟು ಹಾರ್ಮೋನ್ ಮಾಡಿ ಸರಿದೂಗಿಸುತ್ತದೆ. ನನಗೆ ಥೈರಾಕ್ಸಿನ್ ಮಾತ್ರೆಯಲ್ಲಿ ಬಂದಷ್ಟೇ ಗತಿ. ಥೈರಾಕ್ಸಿನ್ ಏರಿಸೋಣವಾ, ಈಸ್ಟ್ರೋಜೆನನ್ನು ಚರ್ಮದ ಮೂಲಕ ಕೊಡೋಣವಾ ಅಂತ ಡಾಕ್ಟರ್ ಕೇಳಿದರು. ಒಂದು ಮಾತ್ರೆಗೋಸ್ಕರ ಇನ್ನೊಂದನ್ನು ಏರಿಸುವುದು ನನಗೆ ಸರಿಕಾಣಲಿಲ್ಲ. ಚರ್ಮದ ದಾರಿಯಲ್ಲಿ ಲಿವರಿಗೆ ಈ ಮೊದಲ ಏಟು ಬೀಳುವುದಿಲ್ಲ. ಬದಲಾಯಿಸಿ ಮೂರು ತಿಂಗಳಿಗೆ, ಹಳೇ ಥೈರಾಕ್ಸಿನ್ ಡೋಸಿನಲ್ಲೇ ಟಿಎಸ್‌ಎಚ್ 2.5ಕ್ಕೆ ಇಳಿಯಿತು.

ರಕ್ತ ಹೆಪ್ಪುಗಟ್ಟುವ ಮಾತೂ ಇದೇ ಲಿವರಿನದು. ಮಾತ್ರೆಯಿಂದ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಸಾಮಾನ್ಯ ಡೋಸಿನ ಜೆಲ್, ಪ್ಯಾಚ್‌ಗಳಲ್ಲಿ ಹಾಗೆ ಏರಿದ್ದು ಕಂಡಿಲ್ಲ. ನನ್ನ ಹೆಚ್ಚಿನ ತೂಕ ನೋಡಿಯಾದರೂ ಇದನ್ನು ಮೊದಲ ದಿನವೇ ಹೇಳಬೇಕಿತ್ತು ಅನ್ನುವ ಸಿಟ್ಟು ಇನ್ನೂ ಇದೆ. 2002ರಲ್ಲಿ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಹೆಂಗಸರನ್ನೆಲ್ಲ ಹೆದರಿಸಿದ ಅಮೆರಿಕದ ದೊಡ್ಡ ಅಧ್ಯಯನ ನಡೆದದ್ದೂ ಮಾತ್ರೆಯ ಮೇಲೇ.

ಚರ್ಮದ ದಾರಿಯಲ್ಲಿ ಮೊದಲು ಹಾಕಿದ್ದು ಪ್ಯಾಚ್. ವಾರಕ್ಕೆ ಎರಡು ಸಲ, ಹೊಕ್ಕುಳಿನ ಕೆಳಗೆ. ಬೆವರಿಗೆ ಅಂಚು ಸುರುಳಿಯಾಗಿ, ಅಂಟಿನ ಸುತ್ತ ಬಟ್ಟೆಯ ನೂಲು ಕೂತು ಕಪ್ಪು ಚೌಕಟ್ಟು. ಒಂದು ಸಂಜೆ ಹುಡುಕಿದರೆ ಪ್ಯಾಚ್ ಹೊಟ್ಟೆಯ ಮೇಲಿಲ್ಲ, ಒಳಉಡುಪಿನ ಎಲಾಸ್ಟಿಕ್‌ಗೆ ಅಂಟಿಕೊಂಡಿದೆ. ಜಾಸ್ತಿ ಬೆವರದವರಿಗೆ, ದಿನಾ ನೆನಪಿಡಲು ಆಗದವರಿಗೆ ಚೆನ್ನಾಗಿರಬಹುದು.

ಜೆಲ್‌ಗೂ ರಗಳೆ ಇದೆ. ನನ್ನ ಬಾಟಲಿ ಒಂದು ಸಲ ಒತ್ತಿದರೆ 0.75 ಮಿಲಿಗ್ರಾಂ ಎಸ್ಟ್ರಡಿಯಾಲ್ ಬರುತ್ತದೆ. ತೋಳಿಗೆ ತೆಳ್ಳಗೆ ಸವರಿ, ಐದು ನಿಮಿಷ ಕೈ ಚಾಚಿ ನಿಲ್ಲಬೇಕು. ಸ್ಪಿರಿಟ್ ವಾಸನೆ ಹೋಗುವವರೆಗೆ ಏನೂ ಮುಟ್ಟುವ ಹಾಗಿಲ್ಲ. ಒಂದು ಗಂಟೆ ಆ ಜಾಗ ತೊಳೆಯುವ ಹಾಗೂ ಇಲ್ಲ. ಮಕ್ಕಳ ಮೈಗೆ ತಾಗಿದರೆ ಹಾರ್ಮೋನ್ ಅವರಿಗೂ ಹೋಗುತ್ತದೆ. ಬೆಳಿಗ್ಗೆ ಮೊಮ್ಮಗಳು ಓಡಿಬಂದು ತೋಳಿಗೇ ಜೋತುಬೀಳುತ್ತಾಳೆ. ಅದಕ್ಕೇ ಅವಳು ಮಲಗಿದ ಮೇಲೆ ಹಚ್ಚಿ, ಉದ್ದ ತೋಳಿನ ಬಟ್ಟೆ ಹಾಕಿಕೊಳ್ಳುತ್ತೇನೆ.

ಖರ್ಚಿನಲ್ಲಿ ಮಾತ್ರೆಯೇ ಗೆದ್ದಿತು, ಜೆಲ್ ನನಗೆ ದುಬಾರಿ. ಮಾತ್ರೆಯ ಕಾಟ ಪೂರ್ತಿ ತಪ್ಪಿಲ್ಲ ಕೂಡ. ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರ ದಪ್ಪವಾಗಿ ಕ್ಯಾನ್ಸರಿನ ಭಯ. ಹಾಗಾಗಿ ರಾತ್ರಿ ಅದನ್ನು ತಡೆಯುವ ಹಾರ್ಮೋನ್, 100 ಮಿಲಿಗ್ರಾಂ ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ಇದ್ದೇ ಇದೆ. ಅದರಿಂದ ಒಳ್ಳೇ ನಿದ್ದೆ, ದೂರಿಲ್ಲ.

ನನ್ನ ತಂಗಿ ಮಾತ್ರೆಯಲ್ಲೇ ಹಾಯಾಗಿದ್ದಾಳೆ. ಅವಳಿಗೆ ಥೈರಾಯ್ಡ್ ತೊಂದರೆ ಇಲ್ಲ, ಮೈ ತೆಳ್ಳಗೆ. ಐದು ನಿಮಿಷ ಕೈ ಚಾಚಿ ನಿಲ್ಲುವ ತಾಳ್ಮೆಯಂತೂ ಮೊದಲೇ ಇಲ್ಲ.